ಪೆಟ್ಟಿಗೆ ಒಪ್ಪಿದ ಡಿಸ್ಕು

"ಇದೂ ಆಗಲ್ಲ," ಎಂದು ಬಾಸಿಲಿಯಾ ಕೈಲಿದ್ದ ಡಿಸ್ಕನ್ನು ಮತ್ತೆ ರಾಶಿಯ ಮೇಲಿಟ್ಟಳು.

ಎಲ್ ಆಲ್ತೋದ ಗುರುವಾರದ ಸಂತೆಯಲ್ಲಿ, ಬಸ್ಸಿನ ಬಿಡಿಭಾಗಗಳ ಸಾಲು ಮುಗಿದ ಮೇಲೆ ಹಳೇ ಕಂಪ್ಯೂಟರುಗಳ ಸಾಲು. ಅಲ್ಲಿ ಎಪಿಫಾನಿಯಾ ಅನ್ನುವ ವ್ಯಾಪಾರದಾಕೆ ನೀಲಿ ಟಾರ್ಪಾಲಿನ ಮೇಲೆ ಆಲೂಗಡ್ಡೆ ಸುರಿದ ಹಾಗೆ ಡಿಸ್ಕುಗಳನ್ನು ಸುರಿದುಕೊಂಡು ಕೂತಿದ್ದಳು. ಬಾಸಿಲಿಯಾ ಒಂದೊಂದನ್ನೂ ತಿರುಗಿಸಿ ನೋಡುವುದು ಕಂಡು ಆಕೆಗೆ ತಡೆಯಲಾಗಲಿಲ್ಲ.

"ಏನವ್ವಾ, ಡಿಸ್ಕು ಹುಡುಕ್ತಿದ್ದೀಯೋ, ಮಗಳಿಗೆ ಗಂಡು ಹುಡುಕ್ತಿದ್ದೀಯೋ? ಇಷ್ಟು ನೋಡಿದ್ರೆ ಎರಡೂ ಸಿಗಲ್ಲ."

ಬಾಸಿಲಿಯಾಗೆ ನಗು ಬರಲಿಲ್ಲ. ಹುಡುಕಿ ಹುಡುಕಿ ಅವಳಿಗೆ ಸಾಕಾಗಿತ್ತು. ಓರುರೋದ ಗಣಿ ಆಸ್ಪತ್ರೆಯಲ್ಲಿ ಎಕ್ಸ್-ರೇ ಚಿತ್ರಗಳ ಕೋಣೆ ಅವಳ ಸುಪರ್ದಿ. ಹಳೇ ಫಿಲಮುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಫಿಲಮನ್ನು ಬೆಳ್ಳಿ ತೆಗೆಯುವವರಿಗೆ ಮಾರಿ ವರ್ಷಗಳೇ ಕಳೆದಿದ್ದವು. ಈಗ ಊರಿನ ಗಣಿಯವರ ಎದೆಗಳೆಲ್ಲ ಇದ್ದದ್ದು ಒಂದೇ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ, ಅದರೊಳಗೆ ಸಾಲಾಗಿ ನಿಲ್ಲಿಸಿದ ಡಿಸ್ಕುಗಳಲ್ಲಿ. ಒಂದು ಡಿಸ್ಕು ಸತ್ತರೆ ಉಳಿದವು ಅದರ ಭಾರ ಹೊರುತ್ತವೆ. ಎರಡು ಸತ್ತರೆ ಎಲ್ಲವೂ ಹೋದ ಹಾಗೆ. ಒಂದು ಆಗಲೇ ಸತ್ತಿತ್ತು. ಇನ್ನೊಂದರ ದೀಪ ಹಳದಿಗೆ ತಿರುಗಿದ ದಿನ ಪೆಟ್ಟಿಗೆ ಹೆದರಿ ಬಾಗಿಲು ಹಾಕಿಕೊಂಡಿತು. ಸತ್ತದ್ದರ ಜಾಗಕ್ಕೆ ಬೇರೆ ಡಿಸ್ಕು ಕೂರಿಸಿ, ಅದು ಪೂರ್ತಿ ತುಂಬುವ ತನಕ ಒಂದು ಚಿತ್ರವನ್ನೂ ಹೊರಗೆ ಕೊಡುವುದಿಲ್ಲ ಅಂತ ಹಟ.

ಸರಿ, ಕೂರಿಸೋಣ ಎಂದರೆ ಸಿಗಬೇಕಲ್ಲ. ವಾರಂಟಿ ಯಾವ ಕಾಲಕ್ಕೋ ಮುಗಿದಿತ್ತು. ಕಂಪನಿಯವರು ಆ ಮಾಲೇ ನಿಲ್ಲಿಸಿದ್ದೇವೆ, ಹೊಸ ಪೆಟ್ಟಿಗೆ ಕೊಳ್ಳಿ ಅಂದರು. ಆಸ್ಪತ್ರೆಯವರು ಬರುವ ವರ್ಷ ನೋಡೋಣ ಅಂದರು. ಅಳತೆ ಒಂದೇ ಇದ್ದರೂ ಪ್ರಯೋಜನವಿಲ್ಲ. ಕಂಪನಿ ತನ್ನ ಡಿಸ್ಕಿನೊಳಗೆ ತನ್ನದೇ ಗುರುತು ಬರೆದಿರುತ್ತದೆ, ಆ ಗುರುತಿಲ್ಲದ್ದನ್ನು ಹಾಳಾದ ಪೆಟ್ಟಿಗೆ ಮೂಸಿಯೂ ನೋಡುವುದಿಲ್ಲ. ಅವಳು ಕೈಯಿಂದ ಖರ್ಚು ಮಾಡಿ ತಂದ ಮೂರು ನಾಲ್ಕು ಡಿಸ್ಕುಗಳು ಮೇಜಿನ ಕೆಳಗೆ ಧೂಳು ತಿನ್ನುತ್ತಿದ್ದವು.

ಇಷ್ಟೆಲ್ಲ ಒದ್ದಾಟ ತಮ್ಮನಿಗಾಗಿ. ಸಾತುರ್ನಿನೊ ಇಪ್ಪತ್ತು ವರ್ಷ ಗಣಿಯಲ್ಲಿ ಕಲ್ಲು ಕೊರೆದು ಎದೆ ತುಂಬ ಕಲ್ಲಿನ ಪುಡಿ ತುಂಬಿಕೊಂಡಿದ್ದ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಪಿಂಚಣಿ ಕೊಡುವ ಮಂಡಳಿಯವರು ಅವನ ಕೆಮ್ಮು ಕೇಳಿಸಿಕೊಂಡು, ಗಣಿಗೆ ಬರುವ ಮುಂಚೆ ನೀನು ಇಟ್ಟಿಗೆ ಗೂಡಿನಲ್ಲಿದ್ದವನಲ್ಲವೇ, ರೋಗ ಅಲ್ಲಿಂದಲೇ ತಂದಿರಬೇಕು ಎಂದಿದ್ದರು. ಗಣಿಗೆ ಸೇರಿದ ದಿನ ತೆಗೆದ ಎಕ್ಸ್-ರೇ ಒಂದನ್ನು ತೋರಿಸಿದರೆ ಮಾತು ಮುಗಿಯಿತು. ಆ ದಿನ ಅವನ ಎದೆ ತೊಳೆದಿಟ್ಟ ಹಾಗಿತ್ತು, ಬಾಸಿಲಿಯಾ ಕಣ್ಣಾರೆ ಕಂಡಿದ್ದಳು. ಕಾರ್ನಿವಾಲ್ ಹಬ್ಬ ಮುಗಿದ ವಾರ ಮಂಡಳಿ ಕೂರುವುದಿತ್ತು. ಚಿತ್ರ ಇಲ್ಲದಿದ್ದರೆ ಸಾತು ಮತ್ತೆ ಗಣಿಗೇ ಇಳಿಯಬೇಕು. ಇಳಿದರೆ ಮೇಲೆ ಬರುವ ಮಾತಿಲ್ಲ ಎಂದು ಅಕ್ಕ ತಮ್ಮ ಇಬ್ಬರಿಗೂ ಗೊತ್ತಿತ್ತು.

ರಾಶಿಯ ತಳದಲ್ಲಿ ಅದು ಸಿಕ್ಕಿತು. ಅದೇ ಕಂಪನಿಯ ಚೀಟಿ, ಅದೇ ಅಂಕಿಗಳು. ಬಾಸಿಲಿಯಾ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. ಮುಚ್ಚಿಹೋದ ಬ್ಯಾಂಕಿನ ಮಾಲು, ಕಣ್ಣಿಗೊತ್ತಿಕೊಂಡು ತಗೋ ಎಂದಳು ಎಪಿಫಾನಿಯಾ. ಬಾಸಿಲಿಯಾ ಚೌಕಾಸಿ ಮಾಡುವುದನ್ನೂ ಮರೆತು, ಡಿಸ್ಕನ್ನು ಶಾಲಿನಲ್ಲಿ ಸುತ್ತಿಕೊಂಡು ಓರುರೋ ಬಸ್ಸು ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಅದನ್ನು ಕೂರಿಸಿದಾಗ ದೀಪ ಮಿಣುಕಿತು, ಆರಿತು, ಮತ್ತೆ ಹತ್ತಿ ಹಸಿರಾಯಿತು. ತುಂಬುತ್ತಿದೆ, ನಾಳೆಗೆ ಮುಗಿಯುತ್ತದೆ ಎಂದು ಪರದೆ ಹೇಳಿತು. ಬಾಸಿಲಿಯಾ ಕುರ್ಚಿಯಲ್ಲಿ ಕೂತು ಸೆರಗಿನಂತೆ ಇಳಿಬಿದ್ದ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಕಾರ್ನಿವಾಲಿನ ಹಿಂದಿನ ಶುಕ್ರವಾರ ಎಂದರೆ ಕಚೇರಿಗಳಲ್ಲಿ ಚಾಲ್ಯ ಪೂಜೆ. ಮೇಜು, ಟೈಪ್‌ರೈಟರು, ಆಂಬ್ಯುಲೆನ್ಸು, ಯಾವುದನ್ನೂ ಬಿಡುವ ಹಾಗಿಲ್ಲ. ಭೂಮಿತಾಯಿಗೆ ನಾಲ್ಕು ಹನಿ ಮದ್ಯ ಚೆಲ್ಲಿ, ವಸ್ತುವಿನ ಮೇಲೆ ಬಣ್ಣದ ಕಾಗದದ ಚೂರು ಎರಚಬೇಕು. ಮಧ್ಯಾಹ್ನ ಸಾತು ಹಬ್ಬದ ಟೋಪಿ ಹಾಕಿಕೊಂಡು, ಒಂದು ಕೈಲಿ ಸೀಸೆ, ಇನ್ನೊಂದರಲ್ಲಿ ಕಾಗದದ ಚೂರಿನ ಚೀಲ ಹಿಡಿದು ಬಂದ. ಬಾಗಿಲಲ್ಲಿ ನಿಂತು ಉಸಿರು ಹಿಡಿದುಕೊಳ್ಳುವುದಕ್ಕೇ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಒಪ್ಪಿಕೊಳ್ತಂತೆ?"

"ಒಪ್ಪಿಕೊಳ್ತು ಕಣೋ."

"ಮತ್ತೆ ಹಾಗೇ ಬಿಡೋಕಾಗತ್ತಾ ಅಕ್ಕ? ಹೊಸ ವಸ್ತು ಹಸಿದಿರತ್ತೆ."

ಪೆಟ್ಟಿಗೆಗೆ ಒಂದು ಹನಿಯೂ ತಾಗಬಾರದು, ನೆಲಕ್ಕೆ ಮಾತ್ರ ಎಂದು ಬಾಸಿಲಿಯಾ ಎಚ್ಚರ ಹೇಳಿದಳು. ಸಾತು ಮಗುವಿಗೆ ಔಷಧ ಕುಡಿಸುವ ಹಾಗೆ ಜೋಪಾನವಾಗಿ ನಾಲ್ಕು ಮೂಲೆಗೂ ಹನಿಸಿದ. ಆಮೇಲೆ ಅಕ್ಕನ ತಲೆಯ ಮೇಲೆ ಒಂದು ಹಿಡಿ ಕಾಗದ, ಪೆಟ್ಟಿಗೆಯ ಮೇಲೊಂದು ಹಿಡಿ, ಅದರ ಮುಖಕ್ಕೆ ಇನ್ನೊಂದು ಹಿಡಿ. ಸಾಕು ಎನ್ನಲು ಅವಳು ಬಾಯಿ ತೆರೆದಳು. ಆದರೆ ಅವನ ಮುಖದ ಮೇಲೆ ಅಂಥ ನಗು ಕಂಡು ಎಷ್ಟು ಕಾಲವಾಗಿತ್ತೋ. ಕೊಡುವ ಕೈಯನ್ನು ತಡೆದರೆ ಭೂಮಿತಾಯಿ ತನ್ನ ಪಾಲನ್ನು ತಾನೇ ತೆಗೆದುಕೊಳ್ಳುತ್ತಾಳೆ ಎನ್ನುವುದು ಅವಳಿಗೂ ನಂಬಿಕೆಯೇ. ಹೋಗುವಾಗ ಗುಡಿಸಿದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಅಂಗಳದಲ್ಲಿ ವಾದ್ಯ ಶುರುವಾಯಿತು, ದಾದಿಯರು ಬಂದು ಅವಳ ಕೈ ಹಿಡಿದೆಳೆದರು. ಒಂದು ಸುತ್ತು ಕುಣಿದಳು, ಇನ್ನೊಂದು ಸುತ್ತೂ ಕುಣಿದಳು. ಮನೆಗೆ ಹೊರಟಾಗ ಬಂದು ಬೀಗ ಹಾಕಿದ್ದಷ್ಟೇ ನೆನಪು.

ಮರುದಿನ ಬೀಗ ತೆಗೆದರೆ, ಯಾವಾಗಲೂ ಕೊರೆಯುವ ಆ ಕೋಣೆ ಬೆಚ್ಚಗಿತ್ತು. ಒಳಗಿನ ಫ್ಯಾನುಗಳು ಎಳೆದೆಳೆದು ಕಾಗದದ ಚೂರುಗಳೆಲ್ಲ ಪೆಟ್ಟಿಗೆಯ ಮುಖಕ್ಕೆ ಮೆತ್ತಿಕೊಂಡು, ಗಾಳಿ ಹೋಗುವ ಒಂದೊಂದು ತೂತನ್ನೂ ಮುಚ್ಚಿದ್ದವು. ಸಂತೆಯಿಂದ ತಂದ ಡಿಸ್ಕು ಹಸಿರಾಗಿಯೇ ಇತ್ತು. ಹಳದಿಯಾಗಿದ್ದ ಮುದಿ ಡಿಸ್ಕು ಕೆಂಪಾಗಿ, ಅದರ ಪಕ್ಕದ್ದೂ ಕೆಂಪಾಗಿತ್ತು. ಪೆಟ್ಟಿಗೆಯೊಳಗೆ ಏನೂ ಇಲ್ಲ ಎಂದಿತು ಪರದೆ. ಅವಳು ಆರಿಸಿ ಹಚ್ಚಿದಳು. ಆಗಲೂ ಅದನ್ನೇ ಹೇಳಿತು. ಕಾಗದ ಕೊಂದಿತೋ ಮುಪ್ಪು ಕೊಂದಿತೋ, ಯಾರು ಹೇಳಬೇಕು. ಬೇರೆಯವರನ್ನು ಬೈಯೋಣವೆಂದರೂ ಕೋಣೆಯ ಕೀಲಿ ಇದ್ದದ್ದು ಅವಳ ಸೊಂಟದಲ್ಲೇ. ನೆಲದ ಮೇಲೆ ಕೂತು, ಹೇರ್‌ಪಿನ್ನಿನಿಂದ ಆ ತೂತುಗಳೊಳಗಿನ ಚೂರುಗಳನ್ನು ಒಂದೊಂದಾಗಿ ಕೀಳತೊಡಗಿದಳು.

ಸಾತು ಬಂದಾಗಲೂ ಅವಳು ಅದನ್ನೇ ಮಾಡುತ್ತಿದ್ದಳು. ಅಕ್ಕನಿಗೆಂದು ನೇರಳೆ ಜೋಳದ ಬಿಸಿ ಪಾನಕ ತಂದಿದ್ದ. ಬೀದಿಯಲ್ಲಿ ಮೆರವಣಿಗೆಯ ಕಹಳೆಗಳು ಕೂಗುತ್ತಿದ್ದವು. ಅವಳ ಮುಖ ನೋಡಿದವನೇ ಲೋಟ ಕೆಳಗಿಟ್ಟ.

"ಸಂತೆಯವಳು ಹಾಳು ಡಿಸ್ಕು ಕೊಟ್ಟಿದ್ದಾಳೆ ಕಣೋ," ಎಂದಳು ಬಾಸಿಲಿಯಾ. "ಎಲ್ಲ ಹೋಯ್ತು."

ಅವನು ಪೆಟ್ಟಿಗೆಯ ಕಡೆ ನೋಡಿದ. ಮಂಡಳಿಯ ಮಾತೆತ್ತಲಿಲ್ಲ, ಗಣಿಯ ಮಾತೂ ಎತ್ತಲಿಲ್ಲ.

"ಆಕೇನ ಯಾಕೆ ಬೈತೀಯ," ಎಂದ. "ನಾನೇ ಕೈ ಬಿಗಿ ಹಿಡಿದೆ ಅನ್ಸತ್ತೆ. ಇನ್ನೊಂದು ಹಿಡಿ ಹಾಕ್ಬೇಕಿತ್ತು."

ಬಾಸಿಲಿಯಾ ಪಿನ್ನನ್ನೂ ಕಿತ್ತ ಚೂರುಗಳನ್ನೂ ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ಸಾತು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳ ಜಡೆಗೆ ಅಂಟಿಕೊಂಡಿದ್ದ ಒಂದು ಗುಲಾಬಿ ಚೂರು ಕಂಡು, ಅದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವಳ ಮುಖದ ಕಡೆಗೆ ಊದಿದ.

ಚೂರು ಅಲುಗಲಿಲ್ಲ. ಅವನು ಗೋಡೆಗೆ ಕೈಯೂರಿ, ಉಸಿರು ತುಂಬಿಕೊಂಡು, ಮತ್ತೊಂದು ಸಲ ಊದಿದ.