ಟ್ರೆಡ್‌ಗೋಲ್ಡರ ಮಗ ಆಡಿದ ಆಟ

ಮಾರ್ಷ್‌ಫ್ಲೀಟಿನಲ್ಲಿ ನಮ್ಮ ರಗ್ಬಿ ಲೀಗ್ ಕ್ಲಬ್ಬನ್ನು ಕಟ್ಟಿದವನು ವಿಲ್ಫ್ ಆಕ್ರಾಯ್ಡ್. ಉತ್ತರದ ಯಾರ್ಕ್‌ಷೈರಿನ ಗಣಿ ಊರುಗಳಿಂದ ಇಲ್ಲಿಯ ಕಾಗದದ ಕಾರ್ಖಾನೆಗೆ ಬಂದ ನಮ್ಮಂಥವರಿಗೆಲ್ಲ ಅವನೇ ಮೇಸ್ತ್ರಿ. ದಕ್ಷಿಣದ ಈ ಕೆಂಟ್ ಸೀಮೆಯ ಜನ ಒಳ್ಳೆಯವರೇ. ಆದರೆ ನಮ್ಮ ಮಾತು ಕೇಳಿದರೆ ನಗುತ್ತಿದ್ದರು. ನಮ್ಮ ಆಟವನ್ನಂತೂ ಆಟವೆಂದೇ ಎಣಿಸುತ್ತಿರಲಿಲ್ಲ. ಅವರದು ಹದಿನೈದು ಜನರ ರಗ್ಬಿ ಯೂನಿಯನ್, ವಕೀಲರ, ವೈದ್ಯರ ಮಕ್ಕಳು ಆಡುವಂಥದ್ದು. ನಮ್ಮದು ಹದಿಮೂರು ಜನರ ಲೀಗ್, ದುಡ್ಡಿಗೆ ಆಡುವ ಆಟವೆಂಬ ಹೆಸರು ಅದಕ್ಕೆ. ಯೂನಿಯನ್ನಿನವನೊಬ್ಬ ಒಂದೇ ಒಂದು ಸಲ ಲೀಗ್ ಆಡಿದರೂ, ಅದೂ ಬಿಟ್ಟಿಯಾಗಿ ಆಡಿದರೂ, ಅವನನ್ನು ಆಜೀವ ಹೊರಗಿಡಬೇಕೆಂಬುದು ಆಗಿನ ನಿಯಮ.

ಕಾರ್ಖಾನೆಯ ಹಿಂದಿನ ಜೌಗು ಬಯಲು ನಮ್ಮ ಮೈದಾನ. ಭಾನುವಾರ ಅಲ್ಲಿ ಮೇಯುವ ಕುರಿಗಳನ್ನು ಅಟ್ಟಿ, ಹಿಕ್ಕೆ ಗುಡಿಸಿ, ಸುಣ್ಣದ ಗೆರೆ ಎಳೆದು ಆಡುತ್ತಿದ್ದೆವು. ಎಷ್ಟೋ ಸಲ ಹದಿಮೂರು ಜನ ಸೇರುವುದೇ ಕಷ್ಟವಾಗುತ್ತಿತ್ತು.

ಅಂಥ ಒಂದು ಭಾನುವಾರ ಬೇಲಿಯ ಆಚೆ ನಿಂತಿದ್ದ ಎತ್ತರದ ಯುವಕನೊಬ್ಬ ಒಳಗೆ ಬಂದ. ಜೂಲಿಯನ್ ಟ್ರೆಡ್‌ಗೋಲ್ಡ್, ಶಾಲಾ ಮಾಸ್ತರು. ಊರಿನ ಯೂನಿಯನ್ ಕ್ಲಬ್ಬಿನಲ್ಲಿ ಅವನಷ್ಟು ವೇಗವಾಗಿ ಓಡುವವರು ಇರಲಿಲ್ಲ. ಆ ಕ್ಲಬ್ಬಿನ ಅಧ್ಯಕ್ಷರು ಅವನ ತಂದೆ, ವಕೀಲ ಹಂಫ್ರಿ ಟ್ರೆಡ್‌ಗೋಲ್ಡ್.

"ಒಬ್ರು ಕಮ್ಮಿ ಇದ್ದ ಹಾಗಿದೆ?" ಎಂದ ಜೂಲಿಯನ್.

"ಇದ್ರೆ ಇರ್ಲಿ. ನೀನು ಮನೆಗೆ ಹೋಗಪ್ಪ," ಎಂದ ವಿಲ್ಫ್. "ನಿಮ್ಮಪ್ಪಂಗೆ ಗೊತ್ತಾದ್ರೆ ನಮ್ಮ ಕುರಿಗಳ ಮೇಲೂ ಕೇಸ್ ಹಾಕ್ತಾರೆ."

"ಹಿಕ್ಸ್ ಅಂತ ಬೇರೆ ಹೆಸರು ಬರ್ಕೊಳ್ಳಿ."

"ಹೆಸರು ಸರಿ ಕಣಯ್ಯಾ, ಮುಖ ಎಲ್ಲಿ ಬಚ್ಚಿಡ್ತೀಯ?"

"ಈ ಕೆಸರಲ್ಲಿ ಒಂದ್ಸಲ ಬಿದ್ದೆದ್ರೆ ನಮ್ಮಮ್ಮಂಗೂ ನನ್ನ ಗುರುತು ಸಿಗಲ್ಲ ಬಿಡಿ."

ಆಟ ಮುಗಿದ ಮೇಲೆ ಬಿಸಿ ಪೈ ತಿನ್ನುತ್ತಾ, ಅಷ್ಟು ದೊಡ್ಡ ಕ್ಲಬ್ ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಕೇಳಿದೆ. "ಅಲ್ಲಿ ಚೆಂಡು ನನ್ನ ಹತ್ರ ಬರೋದೇ ಅಪರೂಪ," ಎಂದ. "ಅಂಚಲ್ಲಿ ನಿಂತು ಚಳಿಗೆ ನಡುಗ್ತಿರ್ತೀನಿ. ಇಲ್ಲಿ ಎಲ್ರೂ ಓಡ್ಬೇಕು, ಎಲ್ರೂ ಬೀಳ್ಬೇಕು. ಅದು ನಂಗೆ ಇಷ್ಟ."

ಎರಡು ಚಳಿಗಾಲ ಅವನು ಹಿಕ್ಸ್ ಆಗಿ ಆಡಿದ. ಮುಂದಿನ ವಸಂತದಲ್ಲಿ ಲಂಡನ್ನಿನ ತಂಡವೊಂದನ್ನು ಸೋಲಿಸಿ ಕಪ್ ಗೆದ್ದೆವು. ಆ ದಿನ ನೆಲ ಒಣಗಿತ್ತು, ಕೆಸರಿರಲಿಲ್ಲ. ಊರ ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಯೂನಿಯನ್ ಕ್ಲಬ್ಬಿನ ಸಮಿತಿ ಸೇರಿತು. ಇದೊಂದು ಸಲ ನೀವು ಹೊರಗಿರಿ ಎಂದು ಹಂಫ್ರಿಯವರಿಗೆ ಸ್ನೇಹಿತರೇ ಹೇಳಿದರಂತೆ. ಅವರು ಒಪ್ಪಲಿಲ್ಲ. "ನನ್ನ ಮಗ ಅಂತ ನಿಯಮ ಬದಲಾಗಲ್ಲ," ಎಂದು ತಾವೇ ಆಜೀವ ನಿಷೇಧಕ್ಕೆ ಸಹಿ ಹಾಕಿದರು. ತಂದೆ ಮಗನ ಮಾತು ಅಲ್ಲಿಗೇ ನಿಂತಿತು. ಒಂದೇ ಬೀದಿಯಲ್ಲಿ ಮನೆ. ಎದುರಾದರೆ ಒಬ್ಬರು ರಸ್ತೆ ದಾಟುತ್ತಿದ್ದರು. ಜೂಲಿಯನ್ ನಮ್ಮಲ್ಲಿ ಸ್ವಂತ ಹೆಸರಿನಲ್ಲೇ ಆಡಿದ, ಆಮೇಲೆ ನಾಯಕನೂ ಆದ. ತಂದೆಯ ವಿಷಯ ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ.

ಮೂವತ್ತು ದಾಟುವ ಹೊತ್ತಿಗೆ ಅವನಿಗೆ ರಕ್ತದ ಕ್ಯಾನ್ಸರ್ ಬಂತು. ಆಡಲಾಗದಿದ್ದರೂ ಮೈದಾನಕ್ಕೆ ಬರುವುದನ್ನು ಬಿಡಲಿಲ್ಲ. ಗೆರೆಯ ಪಕ್ಕ ಕುರ್ಚಿ ಹಾಕಿ ಕಂಬಳಿ ಹೊದಿಸಿ ಕೂರಿಸುತ್ತಿದ್ದೆವು. ಅಂಥ ಒಂದು ದಿನ ಬೇಲಿಯಾಚೆ ಕಪ್ಪು ಕೋಟಿನ ಮುದುಕರೊಬ್ಬರು ನಿಂತಿದ್ದನ್ನು ವಿಲ್ಫ್ ನೋಡಿದ. ಹಂಫ್ರಿ. ವಿಲ್ಫ್ ನೇರವಾಗಿ ಅವರ ಬಳಿಗೆ ನಡೆದ. ಏನು ರಂಪ ಮಾಡುತ್ತಾನೋ ಎಂದು ನಾನೂ ಹಿಂದೆಯೇ ಓಡಿದೆ.

"ಇಲ್ಲಿಂದ ಏನೂ ಕಾಣಲ್ಲ ಸಾರ್. ಒಳಗೆ ಬನ್ನಿ."

"ಅವನು ಬೇಡ ಅಂದ್ರೆ?"

"ಬೇಡ ಅಂತ ಅವನೇ ಹೇಳ್ಲಿ. ನೀವೇ ಯಾಕೆ ಹೇಳ್ಕೋತೀರಿ?"

ಹಂಫ್ರಿ ಮಗನ ಕುರ್ಚಿಯ ಪಕ್ಕ ಬಂದು ನಿಂತರು. ಜೂಲಿಯನ್ ತಲೆ ಎತ್ತಿ ನೋಡಿದ.

"ಅಪ್ಪ, ಬೂಟು ಹಾಳಾಗುತ್ತೆ. ಕುರಿ ಹಿಕ್ಕೆ ಇದೆ."

"ಹಾಳಾದ್ರೆ ಆಗ್ಲಿ," ಎಂದರು ಹಂಫ್ರಿ. "ಈ ಆಟ ನಂಗೆ ಅರ್ಥ ಆಗಲ್ಲ. ಹೇಳ್ಕೊಡ್ತೀಯಾ?"

ಆಟ ಮುಗಿಯುವವರೆಗೂ ಜೂಲಿಯನ್ ಹೇಳಿಕೊಡುತ್ತಲೇ ಇದ್ದ. ತಂದೆ ಬಗ್ಗಿ ಕಿವಿ ಅವನ ಬಾಯಿಯ ಹತ್ತಿರ ತಂದು ಕೇಳುತ್ತಿದ್ದರು, ಏಕೆಂದರೆ ಅವನ ದನಿ ಅಷ್ಟು ಕುಗ್ಗಿಹೋಗಿತ್ತು.

ಆ ವಾರವೇ ಹಂಫ್ರಿ ತಮ್ಮ ಕ್ಲಬ್ಬಿಗೆ ಹೋಗಿ, ಮಗ ಬದುಕಿರುವಾಗಲೇ ನಿಷೇಧ ತೆಗೆಯಿರಿ ಎಂದು ಕೇಳಿಕೊಂಡರು. ಸಮಿತಿಯವರು ವಿಷಾದ ಹೇಳಿದರು, ಕೈ ಹಿಡಿದು ಸಮಾಧಾನ ಮಾಡಿದರು, ನಿಯಮ ಮಾತ್ರ ತಮ್ಮ ಕೈಯಲ್ಲಿಲ್ಲ ಎಂದರು. ಹಂಫ್ರಿ ಅಧ್ಯಕ್ಷ ಪದವಿ ಬಿಟ್ಟು ಮನೆಗೆ ಬಂದರು. ಜೂಲಿಯನ್ ಹೆಚ್ಚು ದಿನ ಉಳಿಯಲಿಲ್ಲ. ಕೊನೆಯವರೆಗೂ ಅವನ ಹಾಸಿಗೆಯ ಪಕ್ಕ ತಂದೆಯೇ ಇದ್ದರು.

ಶವಪೆಟ್ಟಿಗೆಯ ಮೇಲೆ ನಮ್ಮ ನೀಲಿ ಪಟ್ಟೆಯ ಜೆರ್ಸಿ ಹೊದಿಸಿದೆವು. ಮುಂದೆ ಒಂದು ಕಡೆ ವಿಲ್ಫ್ ಹೆಗಲು ಕೊಟ್ಟ, ಇನ್ನೊಂದು ಕಡೆ ಹಂಫ್ರಿ. ವಿಲ್ಫ್ ಕುಳ್ಳ, ಅವರು ಎತ್ತರ. ಪೆಟ್ಟಿಗೆ ವಾಲದಿರಲೆಂದು ಮುದುಕರು ದಾರಿಯುದ್ದಕ್ಕೂ ಮೊಣಕಾಲು ಬಗ್ಗಿಸಿಯೇ ನಡೆದರು. ಯೂನಿಯನ್ ಕ್ಲಬ್ಬಿನಿಂದ ಹೂವು ಬಂದಿತ್ತು. ಅಲ್ಲಿಯ ಕೆಲವು ಹುಡುಗರು ತಾವಾಗಿಯೇ ಬಂದು ಚರ್ಚಿನ ಹಿಂದಿನ ಸಾಲಿನಲ್ಲಿ ಅಳುತ್ತಾ ಕೂತಿದ್ದರು.

ಆಮೇಲೆ ಹಂಫ್ರಿ ನಮ್ಮ ಆಟಕ್ಕೆ ಬರತೊಡಗಿದರು. ಎಷ್ಟು ಕಲಿತರೂ ತಪ್ಪು ಹೊತ್ತಿನಲ್ಲಿ ಕೂಗುತ್ತಿದ್ದರು. "ಸಾರ್, ಅದು ಎದುರಾಳಿಗಳ ಅಂಕ," ಎಂದು ವಿಲ್ಫ್ ಗದರುತ್ತಿದ್ದ. ವರ್ಷಗಳಾದ ಮೇಲೆ ಆ ನಿಯಮವೂ ಹೋಯಿತು. ಯೂನಿಯನ್ ಕ್ಲಬ್ಬಿನ ಕಾರ್ಯದರ್ಶಿ ಹಂಫ್ರಿಯವರ ಮನೆಗೆ ಬಂದು, ಇನ್ನು ಜೂಲಿಯನ್ ಹೆಸರಿನ ಮೇಲೆ ಏನೂ ಕಳಂಕವಿಲ್ಲ ಎಂದು ಹೇಳಿಹೋದ.

"ನೀವೇನಂದ್ರಿ?" ಎಂದು ವಿಲ್ಫ್ ಕೇಳಿದ.

"ಕಳಂಕ ಅವನಿಗಿರ್ಲಿಲ್ಲ, ನಂಗಿತ್ತು ಅಂದೆ," ಎಂದರು ಹಂಫ್ರಿ. "ಟೀ ಕೊಟ್ಟು ಕಳಿಸ್ದೆ."

ಕಾರ್ಖಾನೆ ಮುಚ್ಚುವ ಮುಂಚಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕೆಲಸ ಹೋದ ಮೇಲೆ ನಮ್ಮವರು ಒಬ್ಬೊಬ್ಬರಾಗಿ ಚದುರಿದರು. ಆಡುವವರು ಸಿಗದೆ ಕ್ಲಬ್ ನಿಂತಿತು. ನನ್ನಂತೆ ವಿಲ್ಫ್ ಕೂಡ ಊರಿಗೆ ಮರಳಲಿಲ್ಲ. ಅವನ ಹೆಂಡತಿಯನ್ನೂ ಇಲ್ಲೇ ಮಣ್ಣು ಮಾಡಿದ್ದೆವು. ಅವಳ ಸಮಾಧಿಗೆ ಹೋದಾಗಲೆಲ್ಲ, ಅಲ್ಲೇ ಹತ್ತಿರವಿರುವ ಟ್ರೆಡ್‌ಗೋಲ್ಡರ ಎರಡು ಕಲ್ಲುಗಳ ಸುತ್ತಲಿನ ಹುಲ್ಲನ್ನೂ ಕಿತ್ತು ಬರುತ್ತಾನೆ.