ಎಡತೋಳಿನ ಶಾಸ್ತ್ರ

ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕನ್ನು ಕಿರಿಯ ಡಾಕ್ಟರೊಬ್ಬಳಿಗೆ ಒಪ್ಪಿಸಿ ಮನೆಗೆ ಬಂದು ಕೂತ ಮೇಲೆ ಅವರ ಕೈಗಳಿಗೆ ಕೆಲಸವಿಲ್ಲದಂತಾಯಿತು. ಬಾಯಿಗೆ ಕೆಲಸವಿಲ್ಲದ್ದು ಅವರಿಗೆ ಚಿಂತೆಯಾಗಲಿಲ್ಲ. ಆಯುಷ್ಯವಿಡೀ ಅವರು ಮಾತಾಡಿದ್ದೇ ಬಾಯಿ ಅಗಲಿಸಿಕೊಂಡು ಉತ್ತರ ಕೊಡಲಾಗದೆ ಮಲಗಿದ್ದವರ ಜೊತೆ. ಆದರೆ ಕೈ ಸುಮ್ಮನಿರಲೊಲ್ಲದು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಸಕ್ಕರೆ ಎಲ್ಲಿದೆ, ಉಪ್ಪು ಎಲ್ಲಿದೆ ಎಂದು ಹೆಂಡತಿ ಒಂದು ವಾರ ಹುಡುಕಬೇಕಾಯಿತು. ನಲ್ಲಿಯ ವಾಷರ್ ಬದಲಿಸಿದರು. ಅದುವರೆಗೆ ಸೋರದಿದ್ದ ನಲ್ಲಿ ಅಂದಿನಿಂದ ಸೋರತೊಡಗಿತು.

"ರೀ, ಎದುರು ಕಟ್ಟಡದಲ್ಲಿ ಹೆಣಿಗೆ ಸಂಘ ಇದೆ. ಭಾನುವಾರ ಸೇರ್ತಾರೆ. ಹೋಗಿ ಕಲೀರಿ" ಅಂದರು ಹೆಂಡತಿ.

"ನಾನಾ? ಹೆಣಿಗೆನಾ?"

"ಹಲ್ಲಿನ ಸಂದೀಲಿ ಸೂಜಿ ಆಡಿಸಿದವರಿಗೆ ಇದ್ಯಾವ ಲೆಕ್ಕ? ನನ್ನ ಅಡುಗೆಮನೆ ಒಂದು ಬಿಟ್ಟು ಇನ್ನೆಲ್ಲಿ ಬೇಕಾದ್ರೂ ಕೈ ಆಡಿಸಿ."

ಸಂಘವಿದ್ದದ್ದು ಸೈಕಲ್ ಅಂಗಡಿಯ ಮಹಡಿಯ ಮೇಲೆ, ಒಂದು ಉದ್ದನೆಯ ಕೋಣೆಯಲ್ಲಿ. ಗೋಡೆಗೊರಗಿಸಿದ ಮಡಿಸುವ ಕುರ್ಚಿಗಳು, ನಡುವೆ ಒಂದು ಮೇಜು, ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಹಳೆಯ ಮಾದರಿ ಪುಸ್ತಕ, ಅಂದರೆ ಯಾವ ಸಾಲಿಗೆ ಎಷ್ಟು ಕುಣಿಕೆ ಹಾಕಬೇಕು, ಎಲ್ಲಿ ಸೀದಾ, ಎಲ್ಲಿ ಉಲ್ಟಾ ಹೆಣೆಯಬೇಕು ಎಂದು ಹೇಳುವ ಪುಸ್ತಕ. ಅದು ಅಲ್ಲಿದ್ದ ಅರ್ಧ ಜನರಿಗಿಂತ ಹಳೆಯದು. ಪುಟಗಳು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದವು. ಅದನ್ನು ಮುಟ್ಟಬೇಕಾದವರು ಬಿಳಿ ಕೈಗವಸು ಹಾಕಿಕೊಳ್ಳಬೇಕಿತ್ತು. ಡಾಕ್ಟರಿಗೆ ಇದು ಹಿಡಿಸಿತು. ಕೈಗವಸು ಹಾಕಿಕೊಂಡು ಅವರು ಮಾಡಿದ ಯಾವ ಕೆಲಸವೂ ಜೀವನದಲ್ಲಿ ಕೆಟ್ಟಿರಲಿಲ್ಲ.

ಸಂಘದ ಅಧ್ಯಕ್ಷೆ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಕನ್ನಡಕವನ್ನು ಸರಪಳಿಗೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದರು. "ಇಲ್ಲಿ ನಾವು ನಮ್ಮ ತಲೆ ಓಡಿಸೋದಿಲ್ಲ ಡಾಕ್ಟ್ರೇ" ಎಂದು ಮೊದಲ ದಿನವೇ ಹೇಳಿದರು. "ಈ ಪುಸ್ತಕ ಹೇಗೆ ಹೇಳುತ್ತೋ ಹಾಗೆ. ಈಗಿನವರು ಒಂದು ಕುಣಿಕೆ ಅಲ್ಲಿ ಕಡಿಮೆ, ಒಂದು ಇಲ್ಲಿ ಜಾಸ್ತಿ ಮಾಡ್ಕೊಂಡು ಕಲೆಯನ್ನೇ ಹಾಳು ಮಾಡಿದಾರೆ."

ಸದಸ್ಯರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಎಲ್ಲರೂ ಆ ಪುಸ್ತಕದ ನಡುಪುಟದ ಸ್ವೆಟರನ್ನೇ ಹೆಣೆಯುತ್ತಿದ್ದರು. ಸಂಘ ಹುಟ್ಟಿದಾಗಿನಿಂದ ಬೇರೆ ಸ್ವೆಟರನ್ನು ಯಾರೂ ಹೆಣೆದಿರಲಿಲ್ಲ. ಚಳಿಗಾಲ ಇನ್ನೂ ದೂರವಿದ್ದುದರಿಂದ ಅದನ್ನು ತೊಟ್ಟು ಬಂದವರು ಮಾತ್ರ ಯಾರೂ ಇರಲಿಲ್ಲ.

ಕಲಿಯುವುದು ಸುಲಭವಾಗಲಿಲ್ಲ. ಮೊದಮೊದಲು ಡಾಕ್ಟರು ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದರೆಂದರೆ ಕುಣಿಕೆ ಕಡ್ಡಿಯಿಂದ ಜಾರುವುದಕ್ಕೇ ಒಪ್ಪುತ್ತಿರಲಿಲ್ಲ. "ಅದೇನು ದವಡೆ ಹಲ್ಲಲ್ಲ, ಮೆಲ್ಲಗೆ ಬಿಡಿ" ಎಂದು ಪಕ್ಕದಲ್ಲಿ ಕೂತ ನಿವೃತ್ತ ಅಂಚೆಯಮ್ಮ ಹೇಳಿಕೊಟ್ಟರು. ಮೆಲ್ಲಗೆ ಬಿಟ್ಟಾಗ ಕುಣಿಕೆಗಳು ಸಾಲುಸಾಲಾಗಿ ಕೆಳಗಿಳಿದವು. ಮನೆಯಲ್ಲಿ ದಾರದ ಉಂಡೆ ಸೋಫಾದ ಕೆಳಗೆ, ಫ್ರಿಜ್ಜಿನ ಹಿಂದೆ ಉರುಳಿತು. ಕೊನೆಗೊಂದು ದಿನ ಬೆರಳುಗಳು ತಾವಾಗಿ ಓಡತೊಡಗಿದವು. ಹಿಂಭಾಗ ಮುಗಿಯಿತು, ಮುಂಭಾಗ ಮುಗಿಯಿತು, ಬಲತೋಳು ಮುಗಿಯಿತು. ಡಾಕ್ಟರು ಅದನ್ನು ತೊಟ್ಟು ನೋಡಿ ಕನ್ನಡಿಯೆದುರು ನಿಂತು, ಇಷ್ಟು ವರ್ಷ ಸುಮ್ಮನೆ ಜನರ ಬಾಯಿ ನೋಡಿಕೊಂಡು ಕಾಲ ಕಳೆದೆನಲ್ಲ ಎಂದು ನಿಜಕ್ಕೂ ಪೇಚಾಡಿದರು.

ಎಡತೋಳು ಮಾತ್ರ ಕೈ ಕೊಟ್ಟಿತು. ಅದು ಬಲತೋಳಿಗಿಂತ ಒಂದು ಗೇಣು ಉದ್ದವಾಯಿತು. ತಮ್ಮದೇ ತಪ್ಪೆಂದು ಬಿಚ್ಚಿ ಮತ್ತೆ ಹೆಣೆದರು. ಮತ್ತೆ ಒಂದು ಗೇಣು ಉದ್ದ. ಮೂಗು ಪುಸ್ತಕಕ್ಕೆ ತಾಗುವಷ್ಟು ಬಗ್ಗಿ ನೋಡಿದಾಗ ಕಂಡದ್ದಿಷ್ಟು: ಎಡತೋಳಿನ ಒಂದು ಪ್ಯಾರಾ ಎರಡು ಸಲ ಅಚ್ಚಾಗಿತ್ತು. ಅಕ್ಷರ ಅಕ್ಷರವೂ ಅದೇ. ಹೇಳಿದ ಹಾಗೆ ಕೇಳುವವರು ಆ ಭಾಗವನ್ನು ಎರಡು ಸಲ ಹೆಣೆಯಲೇಬೇಕು. ಪಕ್ಕದ ಚಿತ್ರ ನೋಡೋಣವೆಂದರೆ, ಸ್ವೆಟರ್ ತೊಟ್ಟ ಆ ಮನುಷ್ಯ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಗುತ್ತಿದ್ದ.

"ಮೇಡಂ, ಇದು ಅಚ್ಚಿನ ತಪ್ಪಿರಬಹುದಾ?" ಎಂದು ಅಂಜುತ್ತಲೇ ಕೇಳಿದರು.

ಅಧ್ಯಕ್ಷೆ ಕನ್ನಡಕ ಏರಿಸಿ, ಮಗು ಮೊದಲ ಹೆಜ್ಜೆ ಇಟ್ಟಾಗ ನೋಡುವ ಹಾಗೆ ನೋಡಿ ನಕ್ಕರು. "ನೀವು ಇಲ್ಲೀವರೆಗೂ ಬಂದ್ರಿ ಅಂದ್ರೆ ಇನ್ನು ಹೇಳಬಹುದು. ಆ ಕಾಲದ ಜನ ಬಲಗೈಯಲ್ಲಿ ದುಡೀತಿದ್ರು, ಎಡಗೈಗೆ ವಿಶ್ರಾಂತಿ ಕೊಡ್ತಿದ್ರು. ದುಡಿಯದ ಕೈಗೆ ಚಳಿ ಜಾಸ್ತಿ. ಅದಕ್ಕೇ ಅದನ್ನ ಪೂರ್ತಿ ಒಳಗೆ ಇಟ್ಟುಕೊಳ್ಳೋ ಹಾಗೆ ತೋಳು. ಚಿತ್ರದಲ್ಲಿ ಆತ ಎಡಗೈ ಯಾಕೆ ತೋರಿಸ್ತಿಲ್ಲ ಹೇಳಿ? ಗೊತ್ತಿದ್ದವರಿಗೆ ಮಾತ್ರ ಗೊತ್ತಾಗಲಿ ಅಂತ. ಇದರ ಮೇಲೆ ನಾನೊಂದು ಪ್ರಬಂಧ ಬರೆದಿದೀನಿ."

ಜೀವನವಿಡೀ ಎಡ ದವಡೆಗೂ ಬಲ ದವಡೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕೃತಕ ಹಲ್ಲಿನ ಸೆಟ್ಟನ್ನು ಹಿಂದಕ್ಕೆ ಕಳಿಸುತ್ತಿದ್ದ ಡಾಕ್ಟರು ಇದನ್ನು ಹೇಗೆ ನುಂಗಿದರೋ. ಬಹುಶಃ ಎರಡು ಸಲ ಬಿಚ್ಚಿ ಹೆಣೆದದ್ದು ವ್ಯರ್ಥವಾಗಲಿಲ್ಲ ಎಂಬ ಸಮಾಧಾನವೇ ನುಂಗಿಸಿತು. ನುಂಗಿದ್ದಷ್ಟೇ ಅಲ್ಲ, ಅರಗಿಸಿಕೊಂಡರು. ಹೊಸದಾಗಿ ನಂಬಿದವರ ಹುರುಪು ಕೇಳಬೇಕೆ? ಉದ್ದನೆಯ ತೋಳನ್ನು ಜೋತುಬಿಟ್ಟುಕೊಂಡು ಬೀದಿಯಲ್ಲಿ ನಡೆದರು, ಬ್ಯಾಂಕಿಗೆ ಹೋದರು, ಕೇಳಿದವರಿಗೂ ಕೇಳದವರಿಗೂ ದುಡಿಯದ ಕೈಯ ಚಳಿಯ ಬಗ್ಗೆ ವಿವರಿಸಿದರು. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು. ಹಳೆಯ ಕಲೆಗೆ ಈಗಲೂ ಗೌರವವಿದೆ ಎಂದುಕೊಂಡು ಕೂತರು.

"ರೀ, ನಿಮ್ಮ ಕೈ ಎಲ್ಲಿಟ್ರಿ?" ಎಂದು ಹೆಂಡತಿ ಊಟದ ಹೊತ್ತಿಗೆ ದಿನಾ ಕೇಳುತ್ತಿದ್ದರು.

"ನಿನಗೆ ಅರ್ಥ ಆಗಲ್ಲ ಬಿಡು."

"ತೋಳು ಸಾರಿನಲ್ಲಿ ಅದ್ದಿದೆ. ಅಷ್ಟು ಮಾತ್ರ ಅರ್ಥ ಆಗ್ತಿದೆ."

ಚಳಿ ಶುರುವಾಗುವ ಹೊತ್ತಿಗೆ ಸಂಘದ ಪ್ರದರ್ಶನ ಬಂತು. ಅಧ್ಯಕ್ಷೆ ಅದೆಲ್ಲಿಂದಲೋ ವಿಚಾರಿಸಿ, ಆ ಮಾದರಿಯನ್ನು ರಚಿಸಿದಾಕೆ ಇನ್ನೂ ಬದುಕಿದ್ದಾರೆಂದು ಪತ್ತೆ ಹಚ್ಚಿ ಮುಖ್ಯ ಅತಿಥಿಯಾಗಿ ಕರೆಸಿದರು. ಡಾಕ್ಟರ ಕಾರಿನಲ್ಲೇ ಆ ಅಜ್ಜಿ ಬಂದರು. ಬೆನ್ನು ಬಾಗಿತ್ತು, ಕಿವಿ ಮಂದವಾಗಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. ಸಂಘದವರೆಲ್ಲ ಸ್ವೆಟರ್ ತೊಟ್ಟು, ಎಡತೋಳು ಜೋತುಬಿಟ್ಟು, ಎರಡು ಸಾಲಾಗಿ ನಿಂತು ಸ್ವಾಗತಿಸಿದರು. ಅಜ್ಜಿ ಸಾಲಿನುದ್ದಕ್ಕೂ ನಡೆದು ಒಂದೊಂದು ತೋಳನ್ನೂ ನೋಡುತ್ತಾ ಹೋದ ಹಾಗೆ ಅವರ ಕಣ್ಣಲ್ಲಿ ನೀರು ತುಂಬಿತು. ಅಧ್ಯಕ್ಷೆಯ ಕಣ್ಣಲ್ಲೂ ತುಂಬಿತು.

"ಪಾಪ, ಇಷ್ಟು ಜನಕ್ಕಾ" ಅಂದರು ಅಜ್ಜಿ. ಅಂಚೆಯಮ್ಮನ ಬೆನ್ನು ತಡವಿ, "ಹುಟ್ಟಿನಿಂದಲೇ ಹೀಗಾ ಮಗಳೇ, ಇಲ್ಲ ಲಕ್ವ ಹೊಡೀತಾ?" ಎಂದು ಕೇಳಿದರು.

ಅಂಚೆಯಮ್ಮ ತೋಳಿನೊಳಗಿಂದ ಬೆರಳು ಹೊರಗೆ ಹಾಕಿ ಆಡಿಸಿ ತೋರಿಸಿದರು. ಅಜ್ಜಿಗೆ ಗೊಂದಲವಾಯಿತು. ಅಧ್ಯಕ್ಷೆ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ವಿವರಿಸಿದರು: ಪುಸ್ತಕ, ಪ್ಯಾರಾ, ದುಡಿಯದ ಕೈ, ಚಳಿ, ಪ್ರಬಂಧ. ಅಜ್ಜಿ ಪುಸ್ತಕ ತರಿಸಿ, ಕೈಗವಸು ಗೀಗವಸು ಏನೂ ಇಲ್ಲದೆ ಬೆರಳಿಗೆ ಉಗುಳು ಹಚ್ಚಿಕೊಂಡು ಪುಟ ತಿರುವಿದರು. 

"ಅಯ್ಯೋ, ಇದಾ. ಇಲ್ಲಿ ಒಂದು ತಲೆ ಎಣ್ಣೆ ಜಾಹೀರಾತು ಬರಬೇಕಿತ್ತು ಕಣಮ್ಮ. ಕೊನೇ ಗಳಿಗೇಲಿ ಎಣ್ಣೆಯವರು ಬೇಡ ಅಂದ್ರು. ಜಾಗ ಖಾಲಿ ಬಿಡಬಾರದು ಅಂತ ಪ್ರೆಸ್ಸಿನವನು ಮೇಲಿನ ಪ್ಯಾರಾನೇ ಇನ್ನೊಂದು ಸಲ ಜೋಡಿಸಿಬಿಟ್ಟ. ಸಂಪಾದಕರು ನನಗೇ ಬೈದರು. ಆಮೇಲೆ ಎಷ್ಟು ಜನ ಬೈದು ಬರೆದ್ರು ಅಂತೀಯ."

ಮೈಕು ಆನ್ ಇತ್ತು. ಎಲ್ಲರಿಗೂ ಕೇಳಿಸಿತು. ಡಾಕ್ಟರಿಗೆ ಎಡಗೈ ಒಮ್ಮೆಲೇ ಬೆವರಿತು.

ಅಧ್ಯಕ್ಷೆ ಮಾತ್ರ ಅಳುಕಲಿಲ್ಲ. ಮೈಕನ್ನು ತಮ್ಮ ಕಡೆ ಎಳೆದುಕೊಂಡು, "ನೋಡಿ, ದೊಡ್ಡ ಕಲಾವಿದರ ವಿನಯ ಅಂದರೆ ಇದು" ಎಂದರು. "ತಾವು ಮಾಡಿದ್ದರ ಮಹತ್ವ ಅವರಿಗೇ ತಿಳಿದಿರೋದಿಲ್ಲ. ಅದನ್ನ ತಿಳಿಸೋದಕ್ಕೇ ನಮ್ಮಂಥವರು ಇರೋದು." ಜೋರಾಗಿ ಚಪ್ಪಾಳೆ ಬಿತ್ತು. ಎಡತೋಳಿನೊಳಗೆ ಅಂಗೈ ಸಿಕ್ಕಿಕೊಂಡಿದ್ದರಿಂದ ಸದ್ದು ಮೆತ್ತಗೆ, ಹಾಸಿಗೆ ಕೊಡವಿದ ಹಾಗಿತ್ತು. ಅಜ್ಜಿ ಅಧ್ಯಕ್ಷೆಯನ್ನು ಒಂದು ಕ್ಷಣ ನೋಡಿ, "ಟೀ ಇದೆಯಾ?" ಎಂದು ಕೇಳಿದರು.

ಹಿಂದಿರುಗುವಾಗಲೂ ಅಜ್ಜಿಯನ್ನು ಡಾಕ್ಟರೇ ಕಾರಿನಲ್ಲಿ ಕರೆದೊಯ್ದರು. ಗೇರು ಬದಲಿಸುವಾಗ ಎರಡು ಸಲ ತೋಳು ಸಿಕ್ಕಿಕೊಂಡಿತು. ಕೊನೆಗೆ ಕೇಳಿಯೇಬಿಟ್ಟರು. "ಅಮ್ಮಾ, ಹಾಗಾದ್ರೆ ಸರಿಯಾದ ಎಡತೋಳು ಎಷ್ಟು ಸಾಲು?"

"ನನಗೇನು ನೆನಪಿರುತ್ತಪ್ಪ?"

"ಸುಮಾರಾಗಿ ಹೇಳಿ ಸಾಕು. ಬರ್ಕೊಳ್ತೀನಿ."

ಅಜ್ಜಿ ಅವರ ಎಡತೋಳನ್ನು ಹಿಡಿದು, ಉಣ್ಣೆಯೊಳಗೆ ಬೆರಳು ಎಲ್ಲಿ ಮುಗಿಯುತ್ತದೆಂದು ಒತ್ತಿ ನೋಡಿದರು. "ಕೈ ಇಲ್ಲೇ ಇದೆಯಲ್ಲ. ಅಳತೆ ತಗೊಂಡು ಹೆಣಿ. ನನ್ನ ಯಾಕೆ ಕೇಳ್ತೀಯ? ನೀನು ಡಾಕ್ಟರಲ್ವಾ?"

ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಇಷ್ಟು ಸಾಮಾನ್ಯ ಮಾತು ತಮಗೇಕೆ ಹೊಳೆಯಲಿಲ್ಲ ಎಂದು ಯೋಚಿಸಿದಷ್ಟೂ ಮುಜುಗರವಾಯಿತು. ಪುಸ್ತಕದಲ್ಲಿ ಇದ್ದಂತೆ ಬಾಯಿ ಇರುವ ಒಬ್ಬ ರೋಗಿಯನ್ನೂ ಅವರು ಕಂಡಿರಲಿಲ್ಲ. ಹಾಗಿದ್ದೂ ಗಾಜಿನ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ನಿಂತುಬಿಟ್ಟಿದ್ದರು.

ಮನೆಗೆ ಬಂದವರೇ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು ಹೆಂಡತಿಯ ಮುಂದೆ ಹಿಡಿದರು. "ನನ್ನ ಎಡಗೈ ಅಳತೆ ತಗೋ."

ಹೆಂಡತಿ ಕೈ ಒರೆಸಿಕೊಂಡು ಎದ್ದರು. ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದರು, ಆಮೇಲೆ ಬಲಗೈಯನ್ನೂ ಅಳೆದರು. "ಎರಡೂ ಒಂದೇ ಇದೆ" ಅಂದರು, ಜಗತ್ತಿಗೆಲ್ಲ ಹೊಸ ಸುದ್ದಿ ಕೊಟ್ಟ ಗಂಭೀರ ಮುಖದಲ್ಲಿ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ತೋಳು ಬಿಚ್ಚುವಾಗ ಹೆಂಡತಿಯೇ ಎದುರು ಕೂತು ದಾರವನ್ನು ಉಂಡೆ ಸುತ್ತಿದರು. ಮಣಿಕಟ್ಟಿನ ಪಟ್ಟಿ ಹೆಣೆಯುವುದನ್ನು, "ತೋರಿಸಿ ನೋಡೋಣ" ಎಂದು ಕೇಳಿ ತಾವೂ ನಾಲ್ಕು ಸಾಲು ಹಾಕಿದರು. ಅವರ ಸಾಲು ಗಂಡನ ಸಾಲಿಗಿಂತ ನೇರವಾಗಿ ಬಂತು. ಅದನ್ನು ಇಬ್ಬರೂ ಗಮನಿಸಿದರು, ಒಬ್ಬರೂ ಆಡಲಿಲ್ಲ.

ಮುಂದಿನ ಭಾನುವಾರ ಡಾಕ್ಟರು ಸಮನಾದ ತೋಳುಗಳ ಸ್ವೆಟರಿನಲ್ಲಿ ಸಂಘದ ಮೆಟ್ಟಿಲು ಹತ್ತಿದಾಗ ಕಡ್ಡಿಗಳ ಟಿಕಟಿಕ ನಿಂತುಹೋಯಿತು.

"ಏನೋ ಕಮ್ಮಿ ಕಾಣ್ತಿದೆಯಲ್ಲ ಡಾಕ್ಟ್ರೇ" ಅಂದರು ಅಧ್ಯಕ್ಷೆ.

"ಕೈಗೆ ಸರಿಹೋಗೋ ಹಾಗೆ ಮಾಡ್ಕೊಂಡೆ ಮೇಡಂ."

"ಕೈಗೆ ಸರಿಹೋಗೋದು ಅಂಗಡೀಲೂ ಸಿಗುತ್ತೆ. ನಾವಿಲ್ಲಿ ಪರಂಪರೆ ಹೆಣೀತಿದೀವಿ." ಡಾಕ್ಟರಿಗೆ ಬಾಗಿಲ ಪಕ್ಕ, 'ಆಧುನಿಕ ವಿಭಾಗ' ಎಂದು ಹೊಸದಾಗಿ ಬರೆದ ಚೀಟಿಯ ಕೆಳಗೆ ಕುರ್ಚಿ ಹಾಕಲಾಯಿತು. ಆ ವಿಭಾಗದಲ್ಲಿ ಅವರೊಬ್ಬರೇ. ಡಾಕ್ಟರು ಹಲ್ಲು ಕಚ್ಚಿಕೊಂಡು ಕೂತರು. ಬೇಸರವಾಯಿತು, ಎದ್ದು ಹೋಗುವಷ್ಟಲ್ಲ.

ಅಂದು ಸಂಜೆ ಅಂಚೆಯಮ್ಮ ಮೆಟ್ಟಿಲಿಳಿಯುವಾಗ ಹಿಂದುಳಿದು, ಅತ್ತಿತ್ತ ನೋಡಿ, "ಅಳತೆ ಟೇಪು ಜೇಬಲ್ಲಿದೆಯಾ?" ಎಂದು ಪಿಸುಗುಟ್ಟಿದರು. ಸೈಕಲ್ ಅಂಗಡಿಯ ಹಿಂದೆ, ಟೈರುಗಳ ರಾಶಿಯ ಮರೆಯಲ್ಲಿ ಅವರ ತೋಳಿನ ಅಳತೆಯಾಯಿತು. ಒಂದು ವಾರ ಬಿಟ್ಟು ಇನ್ನೊಬ್ಬರು. ಆಮೇಲೆ ಅಕ್ಕತಂಗಿಯರಿಬ್ಬರು ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆ ದಿನ ಬಂದರು. ಚಳಿ ಮುಗಿಯುವಷ್ಟರಲ್ಲಿ ಸಂಘದ ಬಹುತೇಕ ಎಲ್ಲರ ಬಳಿಯೂ ಎರಡು ಸ್ವೆಟರ್ ಆಗಿದ್ದವು: ಮನೆಯಲ್ಲಿ ತೊಡಲು ಒಂದು, ಭಾನುವಾರಕ್ಕೆ ಇನ್ನೊಂದು. ಸಭೆಯಲ್ಲಿ ಎಲ್ಲರ ಎಡತೋಳೂ ಮೊದಲಿನಂತೆ ಜೋತಾಡುತ್ತಿತ್ತು, ದುಡಿಯದ ಕೈಯ ಪ್ರಬಂಧಕ್ಕೆ ಎಲ್ಲರೂ ತಲೆದೂಗುತ್ತಿದ್ದರು. ಆಧುನಿಕ ವಿಭಾಗದಲ್ಲಿ ಡಾಕ್ಟರು ಒಬ್ಬರೇ ಉಳಿದರು.

ಒಂದು ಮಧ್ಯಾಹ್ನ ಅವರ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನಿಂತವರನ್ನು ಡಾಕ್ಟರು ಎಂದೂ ನೋಡಿರಲಿಲ್ಲ. ಸೌಮ್ಯ ಮುಖದ ಹಿರಿಯರು, ಸವೆದ ಸ್ವೆಟರು, ಎಡತೋಳಿನ ತುದಿ ಕಪ್ಪಾಗಿ ಗಂಟುಕಟ್ಟಿತ್ತು.

"ನಾನು ಅಧ್ಯಕ್ಷೆಯ ಯಜಮಾನ" ಅಂದರು. "ಅವಳು ಮೊದಲು ಹೆಣೆದದ್ದು ಇದನ್ನೇ. ಅಳತೆ ತಗೋತೀರಂತೆ?"

ಡಾಕ್ಟರು ಅವರನ್ನು ಒಳಗೆ ಕರೆದು ಕೂರಿಸಿದರು. ಹೆಂಡತಿ ಟೇಪು ತಂದರು. ತೋಳು ಮಡಚಿದಾಗ ಹೊರಬಂದ ಕೈ ಬಿಸಿಲೇ ಕಾಣದವರ ಕೈಯಂತೆ ಬೆಳ್ಳಗಿತ್ತು. ಆತ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡರು.

"ಮೇಡಂಗೆ ಏನು ಹೇಳ್ತೀರಿ?" ಎಂದರು ಡಾಕ್ಟರು.

"ಒಗೆದಾಗ ಕುಗ್ಗಿತು ಅಂತೀನಿ."

"ಎಡತೋಳು ಒಂದೇನಾ?"

"ಅದಕ್ಕೆ ಕಾರಣ ಅವಳೇ ಹುಡುಕ್ತಾಳೆ ಬಿಡಿ" ಎಂದು ಅವರು ಕೈ ಚಾಚಿದರು.

ಬೇಸಿಗೆಯ ಮೊದಲ ಭಾನುವಾರ ಸಂಘದಲ್ಲಿ ಅಧ್ಯಕ್ಷೆಯ ಹೊಸ ಉಪನ್ಯಾಸವಿತ್ತು. ವಿಷಯ, ಹಳೆಯ ಕಾಲದ ಉಣ್ಣೆಗಿದ್ದ ಎಡಬಲಗಳ ಅರಿವು. ಕೋಣೆ ತುಂಬಿತ್ತು. ಡಾಕ್ಟರಿಗೂ ಅವರ ಹೆಂಡತಿಗೂ ಬಾಗಿಲ ಪಕ್ಕದಲ್ಲೇ ಜಾಗ ಸಿಕ್ಕಿತು.