ಹೆಸರಿಲ್ಲದೆ ಹುಟ್ಟಿದ ಬಿಲ್ಲೆ

ನಾನು ಒಂದು ಉಕ್ಕಿನ ಬಿಲ್ಲೆ, ಬಂದೂಕಿನ ಪರವಾನಗಿ. ಹುಟ್ಟಿದಾಗ ನನ್ನ ಮೇಲೆ ಹೆಸರಿರಲಿಲ್ಲ, ಭಾವಚಿತ್ರವಿರಲಿಲ್ಲ. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಪ್, ಅದರೊಳಗೆ ಗುಪ್ತಲಿಪಿಯ ಮುದ್ರೆ, ಅಷ್ಟೇ. ಕಾರ್ಬನ್ ಹಾಳೆ ಇಟ್ಟು ಮುಚ್ಚಿದ ಲಕೋಟೆಯ ಮೇಲೆ ಸಹಿ ಹಾಕಿದರೆ ಒಳಗಿನ ಚೀಟಿಗೂ ಸಹಿ ಬೀಳುತ್ತದಲ್ಲ, ಹಾಗೆ. ಅಧಿಕಾರಿ ಅರ್ಹತೆ ನೋಡಿ ಮುದ್ರೆ ಒತ್ತಿದರು. ಯಾವ ಬಿಲ್ಲೆ ಯಾರದೆಂದು ಆಮೇಲೆ ಅವರಿಗೂ ತಿಳಿಯದು. ಬಂದೂಕಿನ ಗುಂಡು ಮಾರುವ ತೋಟಾ ಅಂಗಡಿಯ ಯಂತ್ರಕ್ಕೆ ತಾಗಿಸಿದರೆ ಹಸಿರು ದೀಪ ಹತ್ತುತ್ತದೆ. ಪರವಾನಗಿ ನಿಜ ಎಂದಷ್ಟೇ ಅದರ ಅರ್ಥ.

ನಾನು ಸೇರಿದ್ದು ಗೊರವನದೊಡ್ಡಿಯ ಚಿಕ್ಕತಾಯಮ್ಮನ ಕೈ. ಕಾಡಂಚಿನ ಹೊಲ, ಹಂದಿಗಳ ಕಾಟ. ಹಿಂದೆ ಯಾರ ಮನೆಯಲ್ಲಿ ಬಂದೂಕಿದೆಯೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಹಾಗೆ ತಿಳಿದುಕೊಂಡೇ ಕಳ್ಳಬೇಟೆಯವರು ಬಂದು ಅವಳ ಗಂಡನನ್ನು ಬಡಿದು ಬಂದೂಕು ಒಯ್ದಿದ್ದರು. ಆತ ಮತ್ತೆ ಏಳಲಿಲ್ಲ. ಈಗ ಹೊಸ ಬಂದೂಕು ಅಟ್ಟದಲ್ಲಿ, ನಾನು ರಾಗಿ ಮಡಕೆಯಲ್ಲಿ.

"ಯಾರ್ತಾವೂ ಬಾಯಿ ಬುಡಬ್ಯಾಡಿ ಅತ್ತೆ" ಎಂದಳು ಚಿಕ್ಕತಾಯಮ್ಮ.

"ಬಾಯಲ್ಲಿ ಹಲ್ಲೇ ನಿಂತಿಲ್ಲ, ಮಾತು ನಿಂತದಾ ಅಂತೀಯಾ? ನಿಲ್ಲಿಸ್ತೀನಿ ಬುಡು" ಎಂದಳು ಅತ್ತೆ ಕೆಂಪಮ್ಮ.

ನಿಲ್ಲಿಸಿದಳು ಕೂಡ. ಆದರೆ ಆ ಮನೆಯಲ್ಲಿ ಹೆಸರು ಕೊರೆಸದ ಲೋಟವಿಲ್ಲ, ಸೌಟಿಲ್ಲ. ಮದುವೆಮನೆಗೆ ಕೊಟ್ಟ ಪಾತ್ರೆ ತಿರುಗಿ ಬರಬೇಕಲ್ಲ! ಹೊಸ ತಟ್ಟೆಗೆ ಹೆಸರು ಹಾಕಿಸಲು ಹೊರಟ ದಿನ ಮುದುಕಿ ನನ್ನನ್ನೂ ಸೆರಗಿಗೆ ಗಂಟು ಹಾಕಿಕೊಂಡಳು. ಕಳೆದುಹೋದರೆ ಯಾರಾದರೂ ತಂದುಕೊಡಲಿ ಎಂದು. ಪಾತ್ರೆ ಅಂಗಡಿಯ ಸೂಜಿ ನನ್ನ ಬೆನ್ನ ಮೇಲೆ ಗರ್ರೆಂದು ಓಡಿತು. ಸಂಜೆ ಮತ್ತೆ ರಾಗಿಯೊಳಗೆ ಮಲಗಿದೆ.

ಹಂದಿಗಳು ಹೊಲಕ್ಕೆ ನುಗ್ಗಿದ ಮೇಲೆ ಚಿಕ್ಕತಾಯಮ್ಮ ನನ್ನನ್ನು ತೆಗೆದು, ಬೆನ್ನು ನೋಡದೆ, ತೋಟಾ ಅಂಗಡಿಗೆ ಒಯ್ದಳು. ಹಸಿರು ದೀಪ ಹತ್ತಿತು. ಅಂಗಡಿಯವನು ನನ್ನನ್ನು ಮಗುಚಿದ.

"ಓಹೋ, ಗೊರವನದೊಡ್ಡಿ ಚಿಕ್ಕತಾಯಮ್ಮೋರಾ! ನಮ್ಮ ನಾದಿನಿ ಊರು ಕಣಕ್ಕ ಅದು!"

ಬೆಂಚಿನ ಮೇಲಿದ್ದ ಇಬ್ಬರು ತಲೆಯೆತ್ತಿದರು. "ಮನೇಲಿ ಗಂಡಸ್ರು ಯಾರವ್ರೆ ಅಕ್ಕ?" ಎಂದ ಒಬ್ಬ, ತಣ್ಣಗೆ.

ಅವಳು ತೋಟಾ ಕೊಳ್ಳಲಿಲ್ಲ. ಅಂದೇ ಬಂದೂಕನ್ನು ಠಾಣೆಗೆ ಒಪ್ಪಿಸಿದಳು. ನನ್ನ ಚಿಪ್ ಕಿತ್ತುಕೊಂಡು ಬರಿ ಉಕ್ಕನ್ನು ಹಿಂದಕ್ಕೆ ಕೊಟ್ಟರು.

ಈಗ ಕೆಂಪಮ್ಮ ನನ್ನಿಂದ ಮುದ್ದೆಕೋಲಿಗೆ ಅಂಟಿದ ಹಿಟ್ಟು ಕೆರೆಯುತ್ತಾಳೆ. ನಾಯಿ ಬೊಗಳಿದಾಗೆಲ್ಲ ಚಿಕ್ಕತಾಯಮ್ಮ ಬಾಗಿಲಿಗೆ ಹೋಗಿ ಕೂಗುತ್ತಾಳೆ: "ಬಂದೂಕಿಲ್ಲ ಕಣ್ರಪ್ಪಾ, ಠಾಣೇಲದೆ!"

ಬಂದೂಕಿದೆ ಎಂಬುದಕ್ಕೆ ನಾನು ಸಾಕ್ಷಿಯಾಗಿದ್ದೆ. ಇಲ್ಲ ಎಂಬುದಕ್ಕೆ ಅವಳ ದನಿಯೊಂದೇ ಸಾಕ್ಷಿ. ದಿನದಿಂದ ದಿನಕ್ಕೆ ಅದೂ ಒಡೆಯುತ್ತಿದೆ.